ಮಿಕ್ಸರ್ ಇದ್ದೂ ಕುಂಬಳಕಾಯಿ ಕೈಯಿಂದ ಕಿವುಚಿದ್ದರ ಬಗ್ಗೆ, ಹಾಗೂ ಸೋದರಮಾವನ ಕರ್ತವ್ಯದ ಬಗ್ಗೆ

ಇಂದ,
ಅನುಸಯಾ ದಗಡೂ ಖುಟವಡ,
ವಯಸ್ಸು ನಲವತ್ತೇಳು, ಊರ ಶಾಲೆಯಲ್ಲಿ ಏಳನೆಯ ತರಗತಿ ಪಾಸು,
ಸಹಾಯಕಿ, ಅಂಗನವಾಡಿ ಕೇಂದ್ರ ಎರಡು,
ವಾಘಜಾಯಿವಾಡಿ.

ಗೆ,
ಶಿಶು ಅಭಿವೃದ್ಧಿ ಯೋಜನಾಧಿಕಾರಿ ಸಾಹೇಬರು,
ಹಾಗೂ ಕುಮಾರಿ ಈಶ್ವರಿಯ ಸೋದರಮಾವ
(ಈ ಎರಡನೆಯ ಹುದ್ದೆಯ ವಿವರ ಕೆಳಗೆ ಐದನೆಯ ಅಂಶದಲ್ಲಿದೆ),
ತಾಲೂಕು ಕಚೇರಿ, ನಿಂಬಾಳೆಗಾವ.

ವಿಷಯ: ಹತ್ತು ತಿಂಗಳ ಕೂಸಿಗೆ ಕುಂಬಳಕಾಯಿ ತಿನ್ನಿಸಲು ತಮ್ಮ ಸಹಿಯ ಒಂದು ಸಾಲು ಬೇಡುವ ಬಗ್ಗೆ.

ಉಲ್ಲೇಖ: 1) ತಮ್ಮ ಸುತ್ತೋಲೆ, ‘ಬಣ್ಣದ ಬಟ್ಟಲು ಅಭಿಯಾನ’, ದಿನಾಂಕ 21 ಅಕ್ಟೋಬರ್.
2) ತಮ್ಮ ಕಾರಣ ಕೇಳಿ ನೋಟಿಸ್, ದಿನಾಂಕ 19 ಡಿಸೆಂಬರ್.
3) ಠಕೂಬಾಯಿಯ ಬಾಯಿಮಾತು, ಅದೇ ದಿನ, ಅಂಗನವಾಡಿಯ ಹೊಸ್ತಿಲ ಮೇಲೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸಿಟ್ಟಿನಿಂದ ಬರೆದುಕೊಳ್ಳುವುದೇನೆಂದರೆ:

1. ನೋಟಿಸಿನಲ್ಲಿ ನನ್ನನ್ನು ಕೇಳಿದ ಪ್ರಶ್ನೆ ಹೀಗಿದೆ: ‘ಸರ್ಕಾರವು ಮಿಕ್ಸರ್ ಒದಗಿಸಿದ್ದಾಗ್ಯೂ ಸದರಿ ಸಹಾಯಕಿಯು ಶಿಶುಗಳ ಹಣ್ಣು ತರಕಾರಿ ಪ್ಯೂರಿಯನ್ನು ಕೈಯಿಂದ ಕಿವುಚಿ ಅನೈರ್ಮಲ್ಯ ಎಸಗಿರುವುದು ಏಕೆ?’

ಉತ್ತರ: ಕರೆಂಟಿಲ್ಲ.

ಅರ್ಜಿಯನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಒಂದು ಶಬ್ದದ ಉತ್ತರವನ್ನು ತಮ್ಮ ಕಚೇರಿಯಲ್ಲಿ ಯಾರೂ ಓದುವುದಿಲ್ಲ, ಕಡಿಮೆಯೆಂದರೆ ನಾಲ್ಕು ಹಾಳೆ ಇರಬೇಕು ಎಂದು ನಮ್ಮ ಕಾರ್ಯಕರ್ತೆ ವೈಜಯಂತಾಬಾಯಿ ಹೇಳಿದ ಕಾರಣ ಮುಂದುವರಿಸುತ್ತಿದ್ದೇನೆ. ನಮ್ಮ ಕೇಂದ್ರದ ಮೀಟರನ್ನು ಎರಡು ವರ್ಷದ ಹಿಂದೆ ಬಿಚ್ಚಿಕೊಂಡು ಹೋಗಿದ್ದಾರೆ. ಗೋಡೆಯ ಮೇಲೆ ಅದಿದ್ದ ಜಾಗದಲ್ಲಿ ಚೌಕದ ಗುರುತಿದೆ. ಅಲ್ಲಿಂದ ಹೊರಗೆ ಚಾಚಿದ ವೈರಿಗೆ ಮಕ್ಕಳ ಟವಲು ಒಣಹಾಕುತ್ತೇವೆ. ಇದನ್ನು ತಮ್ಮ ಕಚೇರಿಗೆ ಏಳು ಸಲ ಬರೆದು ತಿಳಿಸಿದೆವು. ಎಂಟನೆಯ ಸಲಕ್ಕೆ ಮಿಕ್ಸರ್ ಬಂತು. ಕರೆಂಟು ಕೇಳಿದವರಿಗೆ ಕರೆಂಟು ತಿನ್ನುವ ಯಂತ್ರ ಕಳಿಸುವ ಬುದ್ಧಿ ಯಾವ ತರಬೇತಿಯಲ್ಲಿ ಬರುತ್ತದೆಯೋ ನನಗೆ ತಿಳಿಯದು. ನಾನು ಏಳನೆಯ ತರಗತಿಗೇ ನಿಂತವಳು.

2. ಇನ್ನು ಅನೈರ್ಮಲ್ಯದ ಮಾತು. ನಾನು ಮಾಡುವ ರೀತಿಯನ್ನು ಬರೆಯುತ್ತೇನೆ. ತಾವು ಯಾವ ಹಂತದಲ್ಲಿ ಕೊಳೆ ಸೇರಿತೆಂದು ತೋರಿಸಬೇಕು.

ಕುಂಬಳವನ್ನು ತೊಳೆದು, ಸಿಪ್ಪೆ ಸಮೇತ ದಪ್ಪ ಹೋಳು ಮಾಡುತ್ತೇನೆ. ಸಿಪ್ಪೆ ತೆಗೆದು ನೀರಿನಲ್ಲಿ ಕುದಿಸಿದರೆ ರುಚಿಯೆಲ್ಲ ನೀರಿನ ಪಾಲು. ಆದ್ದರಿಂದ ಪಾತ್ರೆಯ ಬಾಯಿಗೆ ಬಟ್ಟೆ ಬಿಗಿದು, ಅದರ ಮೇಲೆ ಹೋಳಿಟ್ಟು, ಮುಚ್ಚಿ, ಹಬೆಯಲ್ಲಿ ಬೇಯಿಸುತ್ತೇನೆ. ಬೆಂದದ್ದನ್ನು ಚಮಚದಿಂದ ಕೆರೆದರೆ ಸಿಪ್ಪೆ ತಾನೇ ಬೇರೆಯಾಗುತ್ತದೆ. ಆಮೇಲೆ ಮೊಣಕೈಯವರೆಗೆ ಸೋಪಿನಲ್ಲಿ ತೊಳೆದ ಕೈಯಿಂದ ಕಿವುಚಿ, ಜರಡಿಯ ಮೇಲೆ ಬೆರಳಿನಿಂದ ಒತ್ತಿ ಇಳಿಸುತ್ತೇನೆ. ನಾರು ಮೇಲೆ ಉಳಿಯುತ್ತದೆ, ಬೆಣ್ಣೆಯಂಥದ್ದು ಕೆಳಗೆ ಬೀಳುತ್ತದೆ. ಗಟ್ಟಿಯಾದರೆ ಕುದಿಸಿ ಆರಿಸಿದ ನೀರು ಎರಡು ಚಮಚ. ಉಪ್ಪಿಲ್ಲ, ಸಕ್ಕರೆಯಿಲ್ಲ. ಗಜ್ಜರಿಯಾದರೆ ನಡುವಿನ ಹಳದಿ ಗಟ್ಟಿಯನ್ನು ಮೊದಲೇ ಸೀಳಿ ತೆಗೆಯುತ್ತೇನೆ. ಬಾಳೆಹಣ್ಣಿನ ನಡುವಿನ ಕಪ್ಪು ಗೆರೆ, ಚಿಕ್ಕುವಿನ ಬೀಜದ ಕೊಕ್ಕೆ, ಅಂಜೂರದ ಕಾಳು, ಇವೆಲ್ಲ ನನ್ನ ಬೆರಳಿಗೆ ಕತ್ತಲಲ್ಲೂ ಸಿಗುತ್ತವೆ. ಮಿಕ್ಸರಿನ ಬ್ಲೇಡಿಗೆ ಇದೊಂದೂ ತಿಳಿಯುವುದಿಲ್ಲ. ಅದು ಬೀಜವನ್ನೂ ಹಣ್ಣನ್ನೂ ಒಂದೇ ಎಂದು ತಿಳಿದು ಅರೆಯುತ್ತದೆ, ತಮ್ಮ ಸುತ್ತೋಲೆಯ ಹಾಗೆ.

ಹತ್ತೊಂಬತ್ತು ವರ್ಷದಲ್ಲಿ ಈ ಕೈಯಿಂದ ಉಂಡ ಕೂಸುಗಳಲ್ಲಿ ಒಬ್ಬಳು ಈಗ ತಮ್ಮದೇ ಕಚೇರಿಯ ಆವಕ ವಿಭಾಗದಲ್ಲಿ ಕುಳಿತಿದ್ದಾಳೆ. ಈ ಅರ್ಜಿಗೆ ಮುದ್ರೆ ಹೊಡೆಯುವವಳು ಅವಳೇ. ಅವಳ ಹೊಟ್ಟೆ ಹೇಗಿದೆಯೆಂದು ಕೇಳಿ ತಿಳಿಯಬಹುದು.

3. ಈಗ ಕೂಸಿನ ಸಂಗತಿ. ತಾವು ನೋಟಿಸಿನಲ್ಲಿ ‘ಶಿಶುಗಳು’ ಎಂದು ಬಹುವಚನದಲ್ಲಿ ಬರೆದಿದ್ದೀರಿ. ನನಗೆ ಬೇಕಾದವಳು ಒಬ್ಬಳು. ಹೆಸರು ಈಶ್ವರಿ. ತಾಯಿ ರುಕ್ಮಾ, ಅಂಜೂರದ ತೋಟಗಳಿಗೆ ಕೂಲಿಗೆ ಹೋಗುತ್ತಾಳೆ. ಮನೆಯಲ್ಲಿ ಆಡಳಿತ ರುಕ್ಮಾಳ ಅತ್ತೆ ಠಕೂಬಾಯಿಯದು.

ನಮ್ಮ ಕಡೆ ಕೂಸಿಗೆ ಮೊದಲ ತುತ್ತು ಸೋದರಮಾವ ಕೊಡಬೇಕು. ಅವನು ಬಾಯಿಗೆ ಹಾಕುವವರೆಗೆ ಎದೆಹಾಲು ಬಿಟ್ಟು ಬೇರೇನೂ ಇಲ್ಲ. ಆರು ತಿಂಗಳಿಗೆ ಮಾಮಾ ಬರುತ್ತಾನೆ, ತುತ್ತಿಡುತ್ತಾನೆ, ಕುಂಕುಮ ಟವಲು ತೆಂಗಿನಕಾಯಿ ತೆಗೆದುಕೊಂಡು ಹೋಗುತ್ತಾನೆ, ಯಾರಿಗೂ ತೊಂದರೆಯಿಲ್ಲ. ತೊಂದರೆ ಶುರುವಾಗುವುದು ಮಾಮಾನಿಗೆ ಮೂಗಿನ ತುದಿಯಲ್ಲಿ ಸಿಟ್ಟಿದ್ದಾಗ. ರುಕ್ಮಾಳ ಅಣ್ಣ ಗೋರಖ ಅಂಥವನು. ಈಶ್ವರಿಯ ನಾಮಕರಣದ ದಿನ ಉಣ್ಣದೆ ಎದ್ದು ಹೋದವನು ಮತ್ತೆ ಬಂದಿಲ್ಲ. ಆರು ತಿಂಗಳಾಯಿತು, ಏಳಾಯಿತು, ಎಂಟಾಯಿತು. ಕೂಸಿನ ಗೆರೆ ನಮ್ಮ ತೂಕದ ಕಾರ್ಡಿನ ಮೇಲೆ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಇಳಿಯಿತು. ಠಕೂಬಾಯಿ ಕೆಂಪನ್ನು ನೋಡುತ್ತಾಳೆ, ಮಾಮಾ ಬರಲಿ ಅನ್ನುತ್ತಾಳೆ.

ನಾನು ಎರಡು ಬಸ್ಸು ಬದಲಿಸಿ ಗೋರಖನ ಊರಿಗೆ ಹೋದೆ. ಆತ ಅಂಜೂರದ ಗಿಡ ಸವರುತ್ತಿದ್ದ. ಕೆಳಗಿಳಿದು ಬಾ ಎಂದರೆ ಏಣಿಯ ಮೇಲಿಂದಲೇ ಮಾತಾಡಿದ.

“ಅವತ್ತು ನನಗ ತಲೀಗೆ ಮಾನದ ಫೇಟಾ ಎಷ್ಟನೇದಾಗಿ ಕಟ್ಟಿದ್ರು, ಕೇಳ್ರಿ ನಿಮ್ಮ ಠಕೂಬಾಯೀನ್ನ. ನಾಕನೇದಾಗಿ. ಮಂಡಪ ಹಾಕಿದವಗ ಕಟ್ಟಿದ ಮ್ಯಾಲೆ ನನಗ.”

“ಕೂಸು ನಿನ್ನ ಫೇಟಾ ತಿನ್ನೂದಿಲ್ಲೋ ಗೋರಖ,” ಎಂದೆ. “ಕುಂಬಳಕಾಯಿ ತಿಂತದ. ಬಂದು ಒಂದು ಚಮಚ ಹಾಕಿ ಹೋಗು. ಬೇಕಾದ್ರ ಆ ಮನೀ ನೀರೂ ಕುಡೀಬ್ಯಾಡ.”

ಠಕೂಬಾಯಿ ತಾನೇ ಬಂದು ಕರೆಯಲಿ, ಆಗ ಬರುತ್ತೇನೆ ಎಂದ. ವಾಪಸು ಬಂದು ಠಕೂಬಾಯಿಗೆ ಹೇಳಿದರೆ, ಗಂಡಿನ ಕಡೆಯವರಾದ ನಾವು ಅವನ ಬಾಗಿಲಿಗೆ ಹೋಗಬೇಕೇ ಎಂದು ಕೇಳಿದಳು. ಇಬ್ಬರ ಮುಖದ ಮೇಲೆಯೂ ನಾನು ಏನು ಅನ್ನಬೇಕೋ ಅಂದಿದ್ದೇನೆ. ಅದನ್ನು ಸರ್ಕಾರಿ ಕಾಗದದ ಮೇಲೆ ಬರೆಯಲು ಬರುವುದಿಲ್ಲ. ಸಾರಾಂಶ ಇಷ್ಟೇ: ಎಂಟೂವರೆ ತಿಂಗಳು, ಐದು ಕಿಲೋ ನಾನೂರು ಗ್ರಾಂ.

4. ಇಂಥ ಹೊತ್ತಿನಲ್ಲಿ ತಮ್ಮ ಸುತ್ತೋಲೆ ಬಂತು. ಕೂಸುಗಳಿಗೆ ಆರು ಬಣ್ಣದ ಆರು ಪ್ಯೂರಿ, ಆರು ಬಟ್ಟಲು, ಸಾಹೇಬರ ಖುದ್ದು ಹಾಜರಿ, ಫೋಟೋ ಅದೇ ದಿನ ಮೊಬೈಲಿನಲ್ಲಿ ಮೇಲೆ ಹೋಗತಕ್ಕದ್ದು. ಬಣ್ಣಗಳ ಪಟ್ಟಿಯಲ್ಲಿ ನೇರಳೆಯೂ ಇತ್ತು. ನೇರಳೆ ಹಣ್ಣು ಬಿಡುವುದು ಜೂನಿನಲ್ಲಿ, ತಾವು ಬರುವುದಿದ್ದದ್ದು ನವೆಂಬರಿನಲ್ಲಿ. ಮೇಲ್ವಿಚಾರಕಿ ಪ್ರಣಿತಾ ಮೇಡಂ ಅವರಿಗೆ ಫೋನು ಮಾಡಿ ಕೇಳಿದೆವು. ಬದನೆಕಾಯಿ ಸಿಪ್ಪೆ ಅರೆಯಿರಿ ಎಂದರು. ಹಲ್ಲಿಲ್ಲದ ಕೂಸಿಗೆ ಬದನೆ ಸಿಪ್ಪೆಯೇ ಎಂದರೆ, “ತಿನ್ನಿಸೋದು ಯಾರ್ರೀ ಅದನ್ನ, ಫೋಟೋಕ್ಕಲ್ವಾ” ಎಂದರು. ಆ ಮಾತನ್ನು ಅಭಿಯಾನದ ಬ್ಯಾನರಿನ ಮೇಲೆಯೇ ಬರೆಸಬಹುದಿತ್ತು. ಕೊನೆಗೆ ಬೀಟ್ರೂಟಿಗೆ ಪಾಲಕ್ ಬೆರೆಸಿದೆವು. ನೇರಳೆ ಆಗಲಿಲ್ಲ; ಮಳೆಗಾಲದಲ್ಲಿ ನಮ್ಮ ಬಸ್ ಸ್ಟ್ಯಾಂಡಿನ ಮುಂದೆ ನಿಲ್ಲುತ್ತದಲ್ಲ, ಆ ನೀರಿನ ಬಣ್ಣವಾಯಿತು. ತಾವು ಅದನ್ನು ನೋಡಿ ಬಹಳ ಪೌಷ್ಟಿಕವಾಗಿ ಕಾಣುತ್ತದೆ ಎಂದಿರಿ.

ನನ್ನ ಕಡೆಯಿಂದ ಒಂದು ತಪ್ಪು ಆಗಿದೆ. ಅದನ್ನು ನಾನೇ ಒಪ್ಪಿ ಬರೆಯುತ್ತಿದ್ದೇನೆ, ಯಾರೂ ಹಿಡಿದು ಕೊಟ್ಟಿದ್ದಲ್ಲ. ಅಂದು ಬೆಳಿಗ್ಗೆ ಆರೂ ಬಗೆಯನ್ನು ಕೈಯಿಂದ ಕಿವುಚಿ ಜರಡಿಯಲ್ಲಿ ಇಳಿಸಿದ್ದು ನಾನು. ಮೇಡಂ ಹೇಳಿದಂತೆ ಮಿಕ್ಸರನ್ನು ಡಬ್ಬದಿಂದ ತೆಗೆದು ಮೇಜಿನ ಮೇಲಿಟ್ಟು, ಕುಂಬಳವನ್ನು ಅದರ ಜಾರಿಗೆ ಸುರಿದು, ತಾವು ಬಂದಾಗ ಆ ಜಾರಿನಿಂದ ಬಟ್ಟಲಿಗೆ ಬಡಿಸಿದೆ. ಯಂತ್ರದ ವೈರು ಮೇಜಿನ ಕೆಳಗೆ ಕಸಬರಿಗೆಯ ಪಕ್ಕದಲ್ಲಿ ಬಿದ್ದಿತ್ತು. ತಾವು ಬೆರಳು ಅದ್ದಿ ನೆಕ್ಕಿ, ತಾಯಂದಿರ ಕಡೆ ತಿರುಗಿ ಹೇಳಿದಿರಿ: “ನೋಡಿದ್ರಾ? ಈ ನುಣುಪು ಕೈಯಿಂದ ಬರಲ್ಲ. ಮಿಕ್ಸರಿನಿಂದಲೇ ಬರಬೇಕು.” ತಾಯಂದಿರು ನನ್ನ ಮುಖ ನೋಡಿದರು. ನಾನು ಸುಮ್ಮನಿದ್ದೆ. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ನಾನು ಸುಮ್ಮನಿದ್ದದ್ದು ಅದೊಂದೇ ಸಲ. ಅದಕ್ಕೆ ಶಿಕ್ಷೆಯಾಗಲಿ, ಬೇಡವೆನ್ನುವುದಿಲ್ಲ.

5. ಈಗ ತಮ್ಮ ಎರಡನೆಯ ಹುದ್ದೆ.

ಫೋಟೋಕ್ಕೆ ಒಂದು ಕೂಸು ಬೇಕಾಯಿತು. ಮೈಕೈ ತುಂಬಿಕೊಂಡ ಕೂಸುಗಳೆಲ್ಲ ಬ್ಯಾನರು ಕಂಡು ಕಿರುಚುತ್ತಿದ್ದವು. ಠಕೂಬಾಯಿ ತಿಂಗಳ ಹಿಟ್ಟಿನ ಪಾಕೀಟು ಒಯ್ಯಲು ಬಂದಿದ್ದಳು, ಕಂಕುಳಲ್ಲಿ ಈಶ್ವರಿ. ಈಶ್ವರಿ ಅಳುವುದಿಲ್ಲ. ಅಳುವುದಕ್ಕೂ ಮೈಯಲ್ಲಿ ಏನಾದರೂ ಇರಬೇಕು. ತಾವು ಅವಳನ್ನು ಎತ್ತಿಕೊಂಡಿರಿ, ಚಮಚ ತೆಗೆದುಕೊಂಡಿರಿ. ನಾನು ‘ಸಾಹೇಬ್ರೇ’ ಎಂದು ಬಾಯಿ ತೆರೆದೆ. ಮೇಡಂ ನನ್ನ ಸೆರಗು ಹಿಡಿದು ಹಿಂದಕ್ಕೆ ಎಳೆದರು, ನಾನು ಫೋಟೋದಲ್ಲಿ ಬರುತ್ತೇನೆಂದು. ಅಷ್ಟರಲ್ಲಿ ತಾವು ಕುಂಬಳದ ಚಮಚವನ್ನು ಕೂಸಿನ ಬಾಯಿಗೆ ಇಟ್ಟಾಗಿತ್ತು.

ಆಗ ಅಲ್ಲಿ ಆದದ್ದು ತಮಗೆ ನೆನಪಿರಲಿಕ್ಕಿಲ್ಲ, ತಾವು ಕ್ಯಾಮೆರಾ ನೋಡುತ್ತಿದ್ದಿರಿ. ಇಪ್ಪತ್ತೆರಡು ಹೆಂಗಸರು ಒಮ್ಮೆಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಕೂಸು ಒಂದು ಸಲ ಮುಖ ಕಿವುಚಿತು, ತುಟಿ ಚಪ್ಪರಿಸಿತು, ಚಮಚದ ಹಿಂದೆಯೇ ಕುತ್ತಿಗೆ ಚಾಚಿತು. ಠಕೂಬಾಯಿ ನನ್ನನ್ನು ಕೇಳಿದ್ದು ಒಂದೇ ಮಾತು: “ಅನುಸಯಾ, ತೆಂಗಿನಕಾಯಿ ಐತೇನು?”

ದೀಪ ಹಚ್ಚುವ ತಟ್ಟೆಯಲ್ಲಿ ಇತ್ತು, ಕೊಟ್ಟೆ. ಎದುರಿನ ಅಂಗಡಿಯಿಂದ ಟವಲು, ಟೊಪ್ಪಿಗೆ ಬಂದವು. ಆಕೆ ತಮ್ಮ ಹಣೆಗೆ ಕುಂಕುಮ ಹಚ್ಚಿದಳು, ಹೆಗಲಿಗೆ ಟವಲು, ತಲೆಗೆ ಟೊಪ್ಪಿಗೆ ಹಾಕಿದಳು, ಕೈಗೆ ತೆಂಗಿನಕಾಯಿ ಇಟ್ಟಳು. ಹೋದಲ್ಲೆಲ್ಲ ಸತ್ಕಾರ ಮಾಡಿಸಿಕೊಂಡು ರೂಢಿಯಾದವರು ತಾವು. ಯಾಕೆಂದು ಕೇಳುವ ಗೋಜಿಗೆ ಹೋಗಲಿಲ್ಲ. ಆದರೂ ಆಕೆ ಸ್ಪಷ್ಟವಾಗಿ ಕೇಳಿದಳು, ನಾನು ಎರಡು ಮಾರು ದೂರದಲ್ಲಿದ್ದೆ.

“ಇವತ್ತಿನಿಂದ ನೀವು ನಮ್ಮ ಈಶ್ವರಿ ಮಾಮಾ. ಒಪ್ಪಿಗಿ ಐತಿ ಅಲ್ರಿ ಸಾಹೇಬ್ರ?”

“ಹೌದು ಹೌದು,” ಎಂದಿರಿ ತಾವು, ಕ್ಯಾಮೆರಾದಿಂದ ಕಣ್ಣು ತೆಗೆಯದೆ. “ತಾಲೂಕಿನ ಎಲ್ಲಾ ಮಕ್ಕಳಿಗೂ ನಾನು ಮಾಮಾನೇ.”

ಎಲ್ಲಾ ಮಕ್ಕಳದು ನನಗೆ ಗೊತ್ತಿಲ್ಲ. ಮೊದಲ ತುತ್ತು ಇಟ್ಟದ್ದರಿಂದ ಈಶ್ವರಿಗಂತೂ ತಾವು ಮಾಮಾ ಆಗಿದ್ದೀರಿ. ಟವಲು, ಟೊಪ್ಪಿಗೆ, ಕುಂಕುಮ, ಕಾಯಿ ಸಮೇತ ತಮ್ಮ ಫೋಟೋ ತಮ್ಮದೇ ಇಲಾಖೆಯ ಮೊಬೈಲಿನಲ್ಲಿ ದಿನಾಂಕ, ಹೊತ್ತು, ಸ್ಥಳ ಎಲ್ಲ ನಮೂದಾಗಿ ಇದೆ. ಅಳಿಸಲು ಬರುವುದಿಲ್ಲವಂತೆ, ವೈಜಯಂತಾಬಾಯಿ ಹೇಳಿದರು. ಸಂಬಂಧ ಎಂದರೆ ಅದೇ, ಅಳಿಸಲು ಬಾರದ್ದು.

ಗೋರಖನಿಗೆ ಸುದ್ದಿ ಮುಟ್ಟಿದೆ. ಅವತ್ತು ಪೂರ್ತಿ ಏಣಿಯಿಂದ ಇಳಿಯಲಿಲ್ಲವಂತೆ. ಇರಲಿ. ಏಣಿಯ ಮೇಲೆಯೇ ಇರಲಿ.

6. ಅಲ್ಲಿಂದ ಐದು ವಾರ ದಿನಾಲೂ ಹನ್ನೊಂದಕ್ಕೆ ಈಶ್ವರಿ ಅಂಗನವಾಡಿಯಲ್ಲಿ ಉಂಡಳು. ಗಜ್ಜರಿ ಕೊಟ್ಟರೆ ನನ್ನ ಮುಖಕ್ಕೇ ಉಗುಳುತ್ತಾಳೆ. ಚಿಕ್ಕು ಕೊಟ್ಟರೆ ಚಮಚವನ್ನು ಒಸಡಿನಿಂದ ಕಚ್ಚಿ ಹಿಡಿದು ಬಿಡುವುದಿಲ್ಲ. ಕುಂಬಳವಾದರೆ ಬಟ್ಟಲು ಕಂಡಲ್ಲಿಂದಲೇ ಬಾಯಿ ತೆರೆದಿರುತ್ತಾಳೆ, ತಡವಾದರೆ ಬಟ್ಟಲಿನ ಅಂಚಿಗೆ ಅಂಗೈಯಿಂದ ಬಡಿಯುತ್ತಾಳೆ. ಬಟ್ಟಲು ನನ್ನದು, ಇಲಾಖೆಯದಲ್ಲ. ಇಲಾಖೆಯ ಆರು ಬಟ್ಟಲು ಫೋಟೋ ಆದ ಮೇಲೆ ಮುಂದಿನ ಊರಿನ ಫೋಟೋಕ್ಕೆ ಹೋದವು. ನನ್ನ ಬಟ್ಟಲಿನಲ್ಲಿ ಉಂಡ ನನ್ನ ಮಗ ಈಗ ಟ್ರ್ಯಾಕ್ಟರ್ ಓಡಿಸುತ್ತಾನೆ, ಅಂಚಿನಲ್ಲಿ ಅವನ ಮೊದಲ ಎರಡು ಹಲ್ಲಿನ ಗುರುತಿದೆ.

ಮೂರನೆಯ ವಾರ ಈಶ್ವರಿ ಅತ್ತಳು. ಊರಿಗೆಲ್ಲ ಕೇಳುವ ಹಾಗೆ. ರುಕ್ಮಾ ಓಡಿ ಬಂದು ಕೂಸು ಅಳುವುದನ್ನು ನೋಡುತ್ತ ಬಾಗಿಲಲ್ಲೇ ಕುಳಿತುಬಿಟ್ಟಳು, ಎತ್ತಿಕೊಳ್ಳಲೂ ಇಲ್ಲ. ಡಿಸೆಂಬರ್ 17ಕ್ಕೆ ತೂಕ ಆರು ಕಿಲೋ ನೂರು ಗ್ರಾಂ. ಗೆರೆ ಇನ್ನೂ ಕೆಂಪಿನಲ್ಲೇ ಇದೆ, ಆದರೆ ಮುಖ ಮೇಲಕ್ಕೆ ಮಾಡಿದೆ.

7. ಅದೇ 17ಕ್ಕೆ ಮೇಡಂ ತಪಾಸಣೆಗೆ ಬಂದರು. ಕೂಸಿನ ತೂಕ ನೋಡಲಿಲ್ಲ. ಮಿಕ್ಸರ್ ನೋಡಿದರು. ಅದು ಡಬ್ಬದೊಳಗೆ, ಅದರ ಬಿಳಿ ಥರ್ಮಾಕೋಲಿನೊಳಗೆ, ಮದುವೆಗೆ ಮೊದಲಿನ ನೆಕ್ಲೇಸಿನ ಹಾಗೆ ಭದ್ರವಾಗಿತ್ತು. ಡಬ್ಬದ ಮೇಲೆ ನನ್ನ ಜರಡಿ ಒಣಗುತ್ತಿತ್ತು. ಮೇಡಂ ಜರಡಿಯ ಫೋಟೋ ತೆಗೆದರು. ಎರಡು ದಿನಕ್ಕೆ ತಮ್ಮ ನೋಟಿಸ್ ಬಂತು: ವಿವರಣೆ ಒಪ್ಪಿತವಾಗುವವರೆಗೆ ‘ಕೇಂದ್ರದಲ್ಲಿ ಕೈಯಿಂದ ತಯಾರಿಸಿದ ಯಾವುದೇ ಪ್ಯೂರಿಯನ್ನು ಶಿಶುಗಳಿಗೆ ನೀಡಕೂಡದು’, ಪಾಕೀಟಿನ ಹಿಟ್ಟು ಮಾತ್ರ ಕೊಡತಕ್ಕದ್ದು. ಪಾಕೀಟಿನ ಹಿಟ್ಟನ್ನು ನಮ್ಮೂರಲ್ಲಿ ಯಾರು ತಿನ್ನುತ್ತಾರೆ ಎಂದು ಬರೆದರೆ ಎಮ್ಮೆಗಳ ಮಾಲೀಕರಿಗೆ ತೊಂದರೆಯಾದೀತು, ಆದ್ದರಿಂದ ಬರೆಯುವುದಿಲ್ಲ.

8. ವೈಜಯಂತಾಬಾಯಿ ನೋಟಿಸನ್ನು ಎಲ್ಲ ತಾಯಂದಿರ ಮುಂದೆ ಗಟ್ಟಿಯಾಗಿ ಓದಿದರು, ಹಾಗೆ ಓದಬೇಕೆಂದು ಕೆಳಗೆ ಬರೆದಿತ್ತು. ಠಕೂಬಾಯಿ ಹೊಸ್ತಿಲ ಮೇಲೆ ಕುಳಿತು ಪೂರ್ತಿ ಕೇಳಿದಳು. ಆಮೇಲೆ ಸಹಿ ಯಾರದೆಂದು ಕೇಳಿದಳು. ಸಾಹೇಬರದು ಎಂದರು.

“ಅಂದ್ರ ಮಾಮಾನ ಸಹಿ,” ಎಂದಳು ಠಕೂಬಾಯಿ.

“ಅಯ್ಯ, ಅದು ಆಫೀಸಿನ ಕಾಗದ, ನನಗ ಬಂದದ್ದು,” ಎಂದೆ ನಾನು. “ಈಶ್ವರಿ ಹೆಸರು ಅದರಾಗ ಎಲ್ಲೈತಿ?”

“ಕೂಸಿಗೆ ಕೊಡಬ್ಯಾಡ ಅಂತ ಬರದಾರೋ ಇಲ್ಲೋ? ಬಾಯಾಗ ಇಟ್ಟವ್ರು ಅವರು. ಬ್ಯಾಡ ಅಂದವ್ರೂ ಅವರು. ನಡುವ ನಾವು ಯಾರು ಅನುಸಯಾ? ಮಾಮಾ ಬ್ಯಾಡಂದದ್ದು ಕೂಸಿನ ಹೊಟ್ಟಿಗೆ ಹತ್ತೂದಿಲ್ಲ.”

ಕೂಸನ್ನು ಎತ್ತಿಕೊಂಡು ಹೋದಳು. ನಾನು ಮನೆಯವರೆಗೆ ಬೆನ್ನಟ್ಟಿ ಹೋದೆ. ದಾರಿಯುದ್ದಕ್ಕೂ ಬಾಯಿಗೆ ಬಂದದ್ದು ಬೈದೆ. ಆಕೆಯೇನು ಕೆಟ್ಟವಳಲ್ಲ ಸಾಹೇಬರೇ. ದಿನಾಲೂ ಸಂಜೆ ಕೂಸಿಗೆ ದೃಷ್ಟಿ ತೆಗೆಯುತ್ತಾಳೆ. ಆದರೆ ಆಕೆಯ ತಲೆಯಲ್ಲಿ ಒಂದು ಕಾಯ್ದೆಯಿದೆ, ತಮ್ಮ ತಲೆಯಲ್ಲಿ ಇನ್ನೊಂದು. ಎರಡೂ ಕಾಯ್ದೆ ಸೇರಿ ಒಂದು ಕೂಸಿನ ಬಾಯಿ ಮುಚ್ಚಿವೆ. ಇಬ್ಬರಲ್ಲಿ ಆಕೆ ಓದಿದವಳಲ್ಲ. ತಮ್ಮ ನೆಪ ಏನೋ ನನಗೆ ತಿಳಿಯದು.

ರುಕ್ಮಾ ಮರುದಿನ ತೋಟಕ್ಕೆ ಹೋಗುವ ದಾರಿಯಲ್ಲಿ ನನ್ನ ಬಾಗಿಲಿಗೆ ಬಂದಳು. ಹಾಲು ಸಾಲುತ್ತಿಲ್ಲ, ಕೂಸು ಎದೆ ಕಚ್ಚಿ ಎಳೆದು ಬಿಟ್ಟುಬಿಡುತ್ತದೆ ಎಂದಳು. ಆಮೇಲೆ ಕೇಳಿದಳು: “ಮಾವಶಿ, ಒಂದ್ ಚಮಚ ಕದ್ದು ಹಾಕಲೇನ್ರಿ?”

ಹಾಕು, ಎರಡು ಹಾಕು ಎಂದೆ. ಬಟ್ಟಲು ತುಂಬಿ ಕೈಗೆ ಕೊಟ್ಟೆ. ಅವಳು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು, ಮತ್ತೆ ಹೊರಗೆ ತೆಗೆದಳು.

“ಹಾಕಿದ ಮ್ಯಾಲೆ ಏನರ ಆತಂದ್ರ,” ಎಂದಳು, “ಜ್ವರಾ ಬಂದ್ರೂ, ಕೆಮ್ಮಿದ್ರೂ, ಜಲ್ಮಾಪೂರ್ತಿ ನನ್ನ ತಲೀಮ್ಯಾಲೆ ಮಾವಶಿ.”

ಬಟ್ಟಲನ್ನು ನನ್ನ ಕೈಯಲ್ಲೇ ವಾಪಸು ಇಟ್ಟು ಹೋದಳು.

9. ನಿನ್ನೆ 29, ತಿಂಗಳ ತೂಕದ ದಿನ. ಠಕೂಬಾಯಿ ಕೂಸನ್ನು ತಂದಳು, ಏಕೆಂದರೆ ತೂಕ ಮಾಡಬೇಡಿ ಎಂದು ಮಾಮಾ ಬರೆದಿಲ್ಲ. ಐದು ಕಿಲೋ ಒಂಬೈನೂರು. ತಕ್ಕಡಿಯ ಜೋಳಿಗೆಯಲ್ಲಿ ತೂಗುತ್ತ ಈಶ್ವರಿ ಗೋಡೆಯ ಹಲಗೆಯ ಮೇಲಿದ್ದ ಬಟ್ಟಲು ನೋಡಿದಳು. ಬಾಯಿ ತೆರೆದಳು. ತೆರೆದೇ ಇದ್ದಳು. ವೈಜಯಂತಾಬಾಯಿ ಅಂಕಿ ಬರೆದುಕೊಂಡು ಮುಗಿಸುವವರೆಗೂ, ಠಕೂಬಾಯಿ ಅವಳನ್ನು ಇಳಿಸಿ ಸೆರಗಿನಲ್ಲಿ ಸುತ್ತುವವರೆಗೂ.

ಈ ಅರ್ಜಿಯನ್ನು ಬರೆಯಲು ಕುಳಿತದ್ದು ಆಮೇಲೆ. ನೋಟಿಸಿಗೆ ಉತ್ತರ ಕೊಡಲು ನನಗೆ ಹದಿನೈದು ದಿನದ ಅವಧಿ ಇದೆ ಎಂದು ಮೇಡಂ ಹೇಳಿದ್ದರು. ಅವಧಿ ನನಗಿದೆ. ಅವಳಿಗಿಲ್ಲ.

ಆದ್ದರಿಂದ ಬೇಡಿಕೆಗಳು:

(ಅ) ನೌಕರಿಯಿಂದ ತೆಗೆಯುವುದಾದರೆ ತೆಗೆಯಿರಿ. ಅದಕ್ಕೆ ಬೇರೆ ಕಾಗದ ಬಳಸಿರಿ. ನನ್ನ ಶಿಕ್ಷೆಯನ್ನೂ ಕೂಸಿನ ಊಟವನ್ನೂ ಒಂದೇ ಹಾಳೆಯಲ್ಲಿ ಬರೆಯಬೇಡಿರಿ. ತೆಗೆದ ಮೇಲೂ ಹನ್ನೊಂದಕ್ಕೆ ನಾನು ಬಂದು ಕಿವುಚಿ ಹೋಗುತ್ತೇನೆ. ಕುಂಬಳ ನನ್ನ ಹಿತ್ತಲಿನದು, ಅದಕ್ಕೆ ಮಂಜೂರಾತಿ ಬೇಕಿಲ್ಲ.

(ಆ) ಮಿಕ್ಸರ್ ವಾಪಸು ಒಯ್ಯತಕ್ಕದ್ದು. ಕರೆಂಟು ಇರುವ ಯಾರ ಮನೆಗಾದರೂ ಕೊಡಿರಿ. ಮೇಡಂ ಅವರ ಮನೆಯಲ್ಲಿ ಚಟ್ನಿಗೆ ಆದೀತು. ಡಬ್ಬ ಮಾತ್ರ ನಮಗೆ ಬಿಡಿರಿ, ಜರಡಿ ಇಡಲು ಎತ್ತರ ಸರಿಯಾಗಿದೆ.

(ಇ) ಮುಖ್ಯವಾದದ್ದು ಇದು. ತಾವು ಒಂದು ಸಾಲು ಬರೆದು ಕೊಡಬೇಕು: ‘ಈಶ್ವರಿಗೆ ಉಣ್ಣಿಸಿರಿ.’ ಇದಕ್ಕಿಂತ ಹೆಚ್ಚು ಬೇಡ. ಸದರಿ, ಮೇಲ್ಕಾಣಿಸಿದ, ಷರತ್ತಿಗೊಳಪಟ್ಟು, ಇವೆಲ್ಲ ಸೇರಿಸಿದರೆ ಠಕೂಬಾಯಿ ಅರ್ಥ ಕೇಳುತ್ತಾಳೆ, ಅರ್ಥ ಹೇಳುವಷ್ಟರಲ್ಲಿ ಇನ್ನೊಂದು ದಿನ ಹೋಗುತ್ತದೆ. ಅಕ್ಷರ ದೊಡ್ಡವಿರಲಿ. ಸಹಿಯ ಕೆಳಗೆ ಹುದ್ದೆ ಬರೆಯುವ ಜಾಗದಲ್ಲಿ ‘ಮಾಮಾ’ ಎಂದು ಬರೆಯಿರಿ. ಕಚೇರಿಯ ಮುದ್ರೆ ಬೇಕಿಲ್ಲ. ಹೊಡೆದರೂ ತಪ್ಪೇನಿಲ್ಲ.

(ಈ) ಜನವರಿ 24ಕ್ಕೆ ಈಶ್ವರಿಯ ಜಾವಳ. ಮೊದಲ ಕೂದಲು ತೆಗೆಸುವಾಗ ಕೂಸು ಮಾಮಾನ ತೊಡೆಯ ಮೇಲೆ ಕೂರಬೇಕು. ತಾವು ಆ ದಿನಕ್ಕೆ ರಜೆ ಹಾಕಿಕೊಳ್ಳಬೇಕಾಗಿ ವಿನಂತಿ. ಜೀಪು ಊರ ಹೊರಗೆ ನಿಲ್ಲಿಸಿ ನಡೆದು ಬರತಕ್ಕದ್ದು, ಕ್ಯಾಮೆರಾದವರನ್ನು ಕರೆತರಬಾರದು. ಕೂಸಿಗೆ ಅಂಗಿ ಟೊಪ್ಪಿಗೆ ತರುವುದು ಮಾಮಾನ ಕಡೆಯ ರಿವಾಜು. ಫೇಟಾ ತಮಗೇ ಮೊದಲು ಕಟ್ಟುತ್ತಾರೆ, ಮಂಡಪದವನಿಗೆ ಆಮೇಲೆ. ಠಕೂಬಾಯಿಯಿಂದ ಮಾತು ತೆಗೆದುಕೊಂಡಿದ್ದೇನೆ. ಮುಂದೆ ಈಶ್ವರಿಯ ಮದುವೆಯಲ್ಲಿ ಅವಳನ್ನು ಮಂಟಪಕ್ಕೆ ಕರೆತರುವುದೂ ಮಾಮಾನದೇ ಕೆಲಸ. ಅದಕ್ಕೆ ಇನ್ನೂ ಇಪ್ಪತ್ತು ವರ್ಷವಿದೆ, ಅಷ್ಟರಲ್ಲಿ ತಮ್ಮ ವರ್ಗಾವಣೆ ಎಲ್ಲಿಗಾದರೂ ಆಗಲಿ, ವಿಳಾಸ ತಿಳಿಸುತ್ತಿರಬೇಕು.

ಈ (ಈ) ಬೇಡಿಕೆ ಈಡೇರುವುದು ಬಿಡುವುದು (ಇ) ಬೇಡಿಕೆಯ ಮೇಲೆ ನಿಂತಿದೆ ಎಂದು ಬೇರೆ ಬರೆಯಬೇಕಾಗಿಲ್ಲ. ಉಣ್ಣದ ಕೂಸಿಗೆ ಜಾವಳ ಮಾಡುವ ಪದ್ಧತಿ ನಮ್ಮಲ್ಲಿಲ್ಲ.

ಇನ್ನೆಂದಿಗೂ ಸುಮ್ಮನಿರದ, ಆದಾಗ್ಯೂ
ತಮ್ಮ ವಿಶ್ವಾಸಿ,
ಅನುಸಯಾ ದಗಡೂ ಖುಟವಡ
(ಸಹಿ, ಬೆರಳಿಗೆ ಅರಿಸಿನ ಬಣ್ಣ ಹತ್ತಿದ್ದು ಕುಂಬಳದ್ದು, ಕೊಳೆಯಲ್ಲ)
ದಿನಾಂಕ 30 ಡಿಸೆಂಬರ್

ಲಗತ್ತುಗಳು:
1) ತಮ್ಮ ನೋಟಿಸಿನ ಪ್ರತಿ.
2) ಈಶ್ವರಿಯ ತೂಕದ ಕಾರ್ಡಿನ ಪ್ರತಿ. ಗೆರೆ ಹತ್ತಿ ಇಳಿದ ಕಡೆ ಪೆನ್ಸಿಲಿನಿಂದ ತಮ್ಮ ನೋಟಿಸಿನ ತಾರೀಖು ಬರೆದಿದ್ದೇನೆ.
3) ಟವಲು ಹೊದ್ದ ತಮ್ಮ ಫೋಟೋ.
4) ನನ್ನ ಅದೇ ಬಟ್ಟಲು, ಮುಚ್ಚಳ ಸಹಿತ, ಒಳಗೆ ಇಂದು ಬೆಳಿಗ್ಗೆ ಕೈಯಿಂದ ಕಿವುಚಿದ ಕುಂಬಳ. ಆದೇಶ ಬರೆಯುವ ಮೊದಲು ಬೆರಳು ಅದ್ದಿ ನೆಕ್ಕಿ ನೋಡತಕ್ಕದ್ದು. ತಮ್ಮ ಬೆರಳು ಮೊದಲು ಸೋಪಿನಲ್ಲಿ ತೊಳೆದಿರಲಿ.

ವಿಶೇಷ ಸೂಚನೆ: ಅರ್ಜಿದಾರಳು ತಮ್ಮ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾಳೆ. ವಾಘಜಾಯಿವಾಡಿಗೆ ಕೊನೆಯ ಬಸ್ಸು ನಾಲ್ಕೂವರೆಗೆ. ಆ ಒಂದು ಸಾಲನ್ನೂ, ತೊಳೆದ ಬಟ್ಟಲನ್ನೂ ಅಷ್ಟರೊಳಗೆ ಹೊರಗೆ ಕಳಿಸಿಕೊಡಬೇಕಾಗಿ ವಿನಂತಿ. ಬಟ್ಟಲು ನಾಳೆ ಹನ್ನೊಂದಕ್ಕೆ ಬೇಕು.